ಕೆಳಗೆ ಬಾರ್, ಮೇಲೆ 42 ಮನೆ: ಭದ್ರತೆಗೆ ಮೊದಲು ಎಲ್ಲಿ ಕೈ ಹಾಕಬೇಕು?

ಸವಳಂಗ_ರಸ್ತೆ_42:

ಶಿವಮೊಗ್ಗ, ಸವಳಂಗ ರಸ್ತೆ ಕಡೆಯ ಕಟ್ಟಡ. ನೆಲಮಹಡಿ ಪೂರ್ತಿ ಅಂಗಡಿ, ಮೇಲೆ 5 ಮಹಡಿಯಲ್ಲಿ 42 ಮನೆ, ಅಡಿಯಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್. ಅಂಗಡಿ ಜಾಗದ ಅರ್ಧಕ್ಕೆ ಈಗ ಬಾರ್ ಆಂಡ್ ರೆಸ್ಟೋರೆಂಟ್ ಬಂದಿದೆ. ಶುಕ್ರವಾರ, ಶನಿವಾರ ಒಳಗೆ ಡಿಜೆ. ಹೆಸರಿಗೆ ರೆಸ್ಟೋರೆಂಟ್, ನಡೆಯೋದು ನೈಟ್‌ಕ್ಲಬ್ಬೇ. ಎಲ್ಲರಿಗೂ ಗೇಟು ಒಂದೇ. ಬಾರಿಗೆ ಬಂದವರು ಬೇಸ್‌ಮೆಂಟಿಗೇ ಗಾಡಿ ಇಳಿಸ್ತಾರೆ. ಬಾರಿನ ಅಡುಗೆಮನೆಯ ಹಿಂಬಾಗಿಲು ನಮ್ಮ ಮೆಟ್ಟಿಲಿಗೆ ತೆರೆದುಕೊಳ್ಳುತ್ತೆ.

ಬೇಸ್‌ಮೆಂಟಿನಿಂದ ಎರಡು ಬೈಕ್ ಹೋಗಿವೆ. 16 ಕ್ಯಾಮೆರಾ ಇದ್ದೂ ಆ ರಾತ್ರಿಯ ದೃಶ್ಯದಲ್ಲಿ ಕಂಡದ್ದು ಬಿಳಿ ಮಂಜು ಮತ್ತು ಒಂದು ಛತ್ರಿ. ರಾತ್ರಿ ಕಾವಲಿಗೆ ಒಬ್ಬರೇ. ಮನೆ ಮಾಲೀಕರಲ್ಲಿ ಸುಮಾರು ಜನಕ್ಕೆ ತೀರ್ಥಹಳ್ಳಿ, ಹೊಸನಗರದ ಕಡೆ ತೋಟ ಇದೆ. ಅಡಿಕೆ ಕೊಯ್ಲು ಶುರುವಾದರೆ ಹತ್ತಾರು ಮನೆಗಳಿಗೆ ವಾರಗಟ್ಟಲೆ ಬೀಗ. ಸಮಿತಿ ಸಭೆಯಲ್ಲಿ ಒಬ್ಬರು ಬೂಮ್ ಬ್ಯಾರಿಯರ್ ಅಂತಾರೆ, ಇನ್ನೊಬ್ಬರು ಬೆರಳಚ್ಚು ಯಂತ್ರ, ಮತ್ತೊಬ್ಬರು ಇನ್ನೂ 16 ಕ್ಯಾಮೆರಾ. ದುಡ್ಡು ಒಂದೇ ಸಲಕ್ಕೆ ಎಲ್ಲದಕ್ಕೂ ಸಾಲದು. ಯಾವುದು ಮೊದಲು, ಯಾವುದು ಬೇಡ? ಕೆಲಸ ಗೊತ್ತಿರೋರು ವಿವರವಾಗಿ ಹೇಳಿ.

ತಂತಿ_ಮತ್ತು_ಲೆನ್ಸ್:

ಕ್ಯಾಮೆರಾ ಭಾಗ ಮಾತ್ರ ಹೇಳ್ತೀನಿ. ಇನ್ನೂ 16 ಬೇಡ. ಇರೋ 16ರಲ್ಲಿ ನಾಲ್ಕನ್ನು ಸರಿಯಾದ ಜಾಗಕ್ಕೆ, ಸರಿಯಾದ ಲೆನ್ಸ್ ಹಾಕಿ ಕೂರಿಸಿದರೆ ಅರ್ಧ ಸಮಸ್ಯೆ ಮುಗೀತು.

ಮೊದಲು ಲೆನ್ಸ್ ಲೆಕ್ಕ. 4 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 2560 ಪಿಕ್ಸೆಲ್. ಮುಖ ನೋಡಿ ಅಪರಿಚಿತನನ್ನು ಗುರುತಿಸಬೇಕಾದರೆ ಆ ಜಾಗದಲ್ಲಿ ಮೀಟರಿಗೆ 250 ಪಿಕ್ಸೆಲ್ ಬೇಕು, ಮೊದಲೇ ಪರಿಚಯ ಇರೋನನ್ನು 'ಇವನೇ' ಅನ್ನೋಕೆ 125 ಸಾಕು. ಇದು ಐಇಸಿ 62676-4 ಅನ್ನೋ ಸಿಸಿಟಿವಿ ಮಾನದಂಡದ 2014ರ ಆವೃತ್ತಿಯ ಅಳತೆ. ಅಂದರೆ ಮುಖ ಸಿಗಬೇಕಾದ ಕ್ಯಾಮೆರಾ ಆ ಜಾಗದಲ್ಲಿ 10 ಮೀಟರಿಗಿಂತ ಅಗಲ ನೋಡಬಾರದು. ಎಲ್ಲರೂ ಕಣ್ಣುಮುಚ್ಚಿ ಹಾಕೋ 2.8 ಎಂಎಂ ಲೆನ್ಸ್ ಬರೀ 4 ಮೀಟರ್ ದೂರದಲ್ಲೇ ಅಷ್ಟು ಅಗಲ ನೋಡಿಬಿಡುತ್ತೆ. ಅದರಾಚೆ ನಿಂತವನು 'ಯಾರೋ ಒಬ್ಬ' ಅಷ್ಟೇ. 6 ಎಂಎಂ ಹಾಕಿದರೆ ಅದೇ ಸ್ಪಷ್ಟತೆ ಸುಮಾರು 10 ಮೀಟರ್ ದೂರದವರೆಗೆ ಸಿಗುತ್ತೆ. ಗೇಟಿಗೆ, ರ‍್ಯಾಂಪಿನ ಬಾಯಿಗೆ 6 ಎಂಎಂ. ಲಿಫ್ಟಿನ ಮುಂದೆ, ಸಣ್ಣ ಲಾಬಿಗೆ 2.8 ಇರಲಿ.

ಎರಡನೆಯದು ಛತ್ರಿ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗೇಟು ದಾಟೋ ಪ್ರತಿಯೊಬ್ಬರೂ ಛತ್ರಿ, ರೇನ್‌ಕೋಟಿನ ಟೋಪಿ ಇಲ್ಲಾ ಹೆಲ್ಮೆಟ್ ಒಳಗೇ ಇರ್ತಾರೆ. 12 ಅಡಿ ಎತ್ತರದ ಗೇಟು ಕ್ಯಾಮೆರಾಕ್ಕೆ ನಾಲ್ಕು ತಿಂಗಳು ಕಾಣೋದು ಕಪ್ಪು ಬಟ್ಟೆ ಮಾತ್ರ. ಹಾಗಾಗಿ ಮುಖದ ಕ್ಯಾಮೆರಾವನ್ನು ಗೇಟಿಗೆ ಹಾಕಬೇಡಿ, ಛತ್ರಿ ಮಡಚೋ ಜಾಗಕ್ಕೆ ಹಾಕಿ. ಲಾಬಿಯ ಸೂರಿನ ಒಳಗೆ, ಬಾಗಿಲಿಂದ ಮೂರು ನಾಲ್ಕು ಮೀಟರ್ ಒಳಗಡೆ, ನೆಲದಿಂದ ಐದೂವರೆ ಆರಡಿಯಲ್ಲಿ, ಬಾಗಿಲಿಗೆ ಮುಖ ಮಾಡಿ. ಅಲ್ಲಿ ಜನ ಛತ್ರಿ ಕೊಡವಿ ತಲೆ ಎತ್ತಲೇಬೇಕು. ಕೈಗೆ ಎಟುಕುತ್ತೆ ಅನ್ನೋ ಭಯಕ್ಕೆ ಗಟ್ಟಿ ಲೋಹದ ಡೋಮ್, ಹೊಡೆತ ತಾಳೋ ಐಕೆ10 ದರ್ಜೆಯದು ತಗೊಳ್ಳಿ. ಹಗಲು ಬಾಗಿಲ ಬೆಳಕು ಎದುರು ಬಡಿದು ಮುಖ ಕಪ್ಪಾಗುತ್ತೆ. ಅದಕ್ಕೆ ಕತ್ತಲು, ಬೆಳಕು ಎರಡನ್ನೂ ಸರಿದೂಗಿಸೋ ಡಬ್ಲ್ಯುಡಿಆರ್ ಆನ್ ಮಾಡಿ.

ಬಿಳಿ ಮಂಜಿಗೆ ಕಾರಣ ಕ್ಯಾಮೆರಾದ್ದೇ ಇನ್ಫ್ರಾರೆಡ್ ದೀಪ. ಆ ಬೆಳಕು ಲೆನ್ಸಿನ ಪಕ್ಕದಲ್ಲೇ ಇರೋದರಿಂದ ಎದುರಿನ ಮಳೆಹನಿ ಒಂದೊಂದೂ ಹೊಳೆಯುತ್ತೆ. ಬೆಳಕಿಗೆ ಹುಳ ಬರುತ್ತೆ, ಹುಳಕ್ಕೆ ಜೇಡ ಬರುತ್ತೆ, ಜೇಡ ಲೆನ್ಸಿನ ಮುಂದೆಯೇ ಬಲೆ ಕಟ್ಟುತ್ತೆ. ಹೊರಗಿನ ಕ್ಯಾಮೆರಾಗಳಲ್ಲಿ ಇನ್ಫ್ರಾರೆಡ್ ಆಫ್ ಮಾಡಿ, ಎರಡು ಮೂರು ಮೀಟರ್ ಪಕ್ಕದಲ್ಲಿ ಬೇರೆಯೇ ಬಿಳಿ ಎಲ್ಇಡಿ ದೀಪ ಕೊಡಿ. ಬಣ್ಣದ ಚಿತ್ರವೂ ಸಿಗುತ್ತೆ. ಕೆಂಪು ರೇನ್‌ಕೋಟೋ ನೀಲಿಯೋ ಅನ್ನೋದು ಕಪ್ಪುಬಿಳುಪಿನಲ್ಲಿ ತಿಳಿಯೋಲ್ಲ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಉದ್ದ ಕೋಲಿಗೆ ಒದ್ದೆ ಬಟ್ಟೆ ಕಟ್ಟಿ ಒರೆಸೋ ಕೆಲಸ ಯಾರದ್ದು ಅಂತ ಕಾಂಟ್ರಾಕ್ಟಿನಲ್ಲೇ ಬರೆಸಿ.

ನಂಬರ್ ಪ್ಲೇಟಿಗೆ ಬೇರೆಯೇ ಒಂದು ಕ್ಯಾಮೆರಾ. ಒಂದೇ ಕ್ಯಾಮೆರಾದಲ್ಲಿ ಮುಖವೂ ಪ್ಲೇಟೂ ಬೇಕು ಅಂದರೆ ಎರಡೂ ಸಿಗೋಲ್ಲ. ರಾತ್ರಿ ಹೆಡ್‌ಲೈಟಿನ ಎದುರು ಪ್ಲೇಟ್ ಓದಬೇಕಾದರೆ ಶಟರ್ 1/500 ಸೆಕೆಂಡಿಗೆ ಕಟ್ಟಬೇಕು, ಆಗ ಉಳಿದ ಚಿತ್ರ ಕತ್ತಲೆ ಆಗುತ್ತೆ. ಇದಕ್ಕೆ ಮಾತ್ರ ಇನ್ಫ್ರಾರೆಡ್ ಬೇಕು, ಪ್ಲೇಟು ಆ ಬೆಳಕನ್ನ ಚೆನ್ನಾಗಿ ವಾಪಸ್ ಕೊಡುತ್ತೆ. ಗಾಡಿಯ ದಾರಿಗೆ 30 ಡಿಗ್ರಿಗಿಂತ ಓರೆ ಆಗದಂತೆ, ಗಾಡಿ ಹೊರಗೆ ಹೋಗುವಾಗ ಹಿಂದಿನ ಪ್ಲೇಟ್ ಕಾಣೋ ಹಾಗೆ ಇಡಿ. ಬೈಕಿನ ಮುಂದಿನ ಪ್ಲೇಟನ್ನು ನಂಬಬೇಡಿ.

ಸಂಗ್ರಹಕ್ಕೆ: ಒಂದು ಕ್ಯಾಮೆರಾ 2 ಎಂಬಿಪಿಎಸ್‌ನಲ್ಲಿ ಓಡಿದರೆ ದಿನಕ್ಕೆ 21.6 ಜಿಬಿ. 16 ಕ್ಯಾಮೆರಾ, 30 ದಿನ ಅಂದರೆ 10 ಟಿಬಿಗಿಂತ ಸ್ವಲ್ಪ ಜಾಸ್ತಿ. ನಿಮ್ಮ ಎನ್‌ವಿಆರ್‌ನಲ್ಲಿ (ದೃಶ್ಯ ಉಳಿಸೋ ರೆಕಾರ್ಡರ್ ಪೆಟ್ಟಿಗೆ) 4 ಟಿಬಿ ಇದ್ದರೆ 11-12 ದಿನಕ್ಕೆ ಹಳೆಯದು ಅಳಿಸಿಹೋಗ್ತಿದೆ. ಬೀಗ ಹಾಕಿ ಊರಿಗೆ ಹೋದವರು ಮೂರು ವಾರ ಬಿಟ್ಟು ಬಂದು ಕೇಳಿದರೆ ಏನೂ ಇರೋಲ್ಲ. 6 ಟಿಬಿಯದ್ದು ಎರಡು ಹಾಕಿ, ಕಣ್ಗಾವಲಿಗೆಂದೇ ಬರೋ ದರ್ಜೆಯದ್ದು. 'ಚಲನೆ ಇದ್ದಾಗ ಮಾತ್ರ ರೆಕಾರ್ಡ್' ಅನ್ನೋದನ್ನ ನೆಚ್ಚಿ ಡಿಸ್ಕ್ ಕಮ್ಮಿ ಮಾಡಬೇಡಿ, ಪುಷ್ಯ ಮಳೆಯಲ್ಲಿ ತೆಂಗಿನ ಗರಿ, ನೀರಿನ ಹನಿ ಎಲ್ಲಾ ಚಲನೆಯೇ.

ಕರೆಂಟು: 16 ಕ್ಯಾಮೆರಾ, ಕೇಬಲ್ಲಿನಲ್ಲೇ ಕರೆಂಟೂ ಕೊಡೋ ಪಿಒಇ ಸ್ವಿಚ್, ಎನ್‌ವಿಆರ್ ಎಲ್ಲಾ ಸೇರಿ 170 ವ್ಯಾಟ್ ಹತ್ತಿರ. 150 ಎಎಚ್ ಟ್ಯೂಬುಲರ್ ಬ್ಯಾಟರಿ ಹೊಸದಿದ್ದಾಗ ಆರೇಳು ಗಂಟೆ ಎಳೆಯುತ್ತೆ, ಮೂರು ವರ್ಷ ಹಳತಾದರೆ ಅರ್ಧ. ಗಾಳಿಮಳೆಗೆ ಮರ ಬಿದ್ದು ಮೆಸ್ಕಾಂ ಲೈನ್ ಹೋದರೆ ರಾತ್ರಿಯಿಡೀ ಬರೋಲ್ಲ, ಅದಕ್ಕೆ ಜನರೇಟರಿನ ಲೈನೂ ಇದಕ್ಕೆ ಸೇರಿರಲಿ. ಲಿಫ್ಟಿಗೆ, ಪಂಪಿಗೆ ಕೊಟ್ಟು ಕ್ಯಾಮೆರಾ ರ‍್ಯಾಕ್ ಮರೆತಿರೋ ಕಟ್ಟಡಗಳೇ ಹೆಚ್ಚು.

ಮಲೆನಾಡಲ್ಲಿ ಕ್ಯಾಮೆರಾ ಕೊಲ್ಲೋದು ಕಳ್ಳರಿಗಿಂತ ಸಿಡಿಲು ಜಾಸ್ತಿ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಗೆ ಗೇಟಿನ ಕ್ಯಾಮೆರಾಕ್ಕೆ ಹೊಡೆದ ಸರ್ಜ್ (ದಿಢೀರ್ ಏರೋ ವೋಲ್ಟೇಜ್) ಕೇಬಲ್ ಹಿಡಿದು ಬಂದು ಇಡೀ ಸ್ವಿಚ್ಚನ್ನೇ ಸುಡುತ್ತೆ. ಕಟ್ಟಡದಿಂದ ಗೇಟಿಗೆ ತಾಮ್ರ ಎಳೆಯೋ ಬದಲು ಫೈಬರ್ ಎಳೀರಿ. ರ‍್ಯಾಕಿನ ವಿದ್ಯುತ್ ಬೋರ್ಡಿಗೆ ಸರ್ಜ್ ತಡೆಯೋ ಟೈಪ್ 2 ಎಸ್‌ಪಿಡಿ ಹಾಕಿಸಿ, ಅರ್ಥಿಂಗ್ 5 ಓಮಿನ ಒಳಗಿರಲಿ. ಅದನ್ನು ಅಳೆಯೋದು ಮಳೆಗಾಲದಲ್ಲಲ್ಲ, ಬೇಸಿಗೆ ಕೊನೆಯಲ್ಲಿ. ಜಂಬಿಟ್ಟಿಗೆ ನೆಲ ಒಣಗಿದಾಗ ಪ್ರತಿರೋಧ ಸಿಕ್ಕಾಪಟ್ಟೆ ಏರುತ್ತೆ, ಸಿಡಿಲು ಬರೋದೂ ಆಗಲೇ. ಕೇಬಲ್ ಶುದ್ಧ ತಾಮ್ರದ ಕ್ಯಾಟ್6 ಇರಲಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅಗ್ಗ, ಆದರೆ 60-70 ಮೀಟರ್ ಆದರೆ ರಾತ್ರಿ ದೀಪ ಹತ್ತಿದ ಕೂಡಲೇ ಕ್ಯಾಮೆರಾ ರೀಸ್ಟಾರ್ಟ್ ಆಗುತ್ತೆ. ಶುದ್ಧ ತಾಮ್ರಕ್ಕೂ 100 ಮೀಟರ್ ಮಿತಿ. ಕ್ಯಾಮೆರಾದ ಹಿಂದೆ ತಂತಿಯ ಬಾಲ ಹೊರಗೆ ನೇತಾಡದಂತೆ ನೀರು, ಧೂಳು ಹೋಗದ ಐಪಿ66 ಡಬ್ಬಿ, ತಂತಿ ಡಬ್ಬಿಗೆ ಕೆಳಗಿಂದ ಒಂದು ಬಳುಕು ಕೊಟ್ಟು ಒಳಗೆ ಹೋಗಲಿ. ಮೇಲಿಂದ ಹೋದರೆ ನೀರು ತಂತಿ ಹಿಡಿದೇ ಒಳಗೆ ಇಳಿಯುತ್ತೆ. ತೂತಿಗೆ ಸೀಲ್ ಹಾಕದಿದ್ದರೆ ಇರುವೆ ಗೂಡು ಕಟ್ಟುತ್ತೆ, ಖಂಡಿತ.

ಎನ್‌ವಿಆರ್ ಕಾವಲು ಕೋಣೆಯ ಮೇಜಿನ ಮೇಲಿದ್ದರೆ ಕಳ್ಳ ಅದನ್ನೇ ಎತ್ತಿಕೊಂಡು ಹೋಗ್ತಾನೆ. ಬೀಗದ ಕೋಣೆಗೆ ಸಾಗಿಸಿ, ಲಾಬಿ ಮತ್ತು ರ‍್ಯಾಂಪ್ ಕ್ಯಾಮೆರಾಗಳಿಗೆ ಒಳಗೇ ಒಂದು ಮೆಮೊರಿ ಕಾರ್ಡ್ ಹಾಕಿ. ಗಡಿಯಾರವನ್ನು ನೆಟ್‌ವರ್ಕಿನಿಂದ ಸರಿಯಾದ ಸಮಯ ಕೊಡೋ ಎನ್‌ಟಿಪಿಗೆ ಜೋಡಿಸಿ. 20 ನಿಮಿಷ ಹಿಂದೆ ಓಡೋ ಗಡಿಯಾರದ ದೃಶ್ಯಕ್ಕೆ ಪೊಲೀಸರ ಮುಂದೆ ನೂರು ಪ್ರಶ್ನೆ. ದೃಶ್ಯವನ್ನು ಸಾಕ್ಷ್ಯವಾಗಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63(4)ರ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲ್ ತಿದ್ದಿಲ್ಲ ಅಂತ ತೋರಿಸೋ ಸಂಕೇತ) ಬರೀಬೇಕು. ಪರದೆಯನ್ನು ಮೊಬೈಲಲ್ಲಿ ಶೂಟ್ ಮಾಡಿ ವಾಟ್ಸಾಪಿಗೆ ಹಾಕೋದು ಸಾಕ್ಷ್ಯ ಅಲ್ಲ, ಸುದ್ದಿ.

ಕದ_ಚಿಲಕ:

ಕ್ಯಾಮೆರಾ ಆದದ್ದನ್ನು ತೋರಿಸುತ್ತೆ, ಆಗೋದನ್ನು ತಡೆಯೋದು ಗೋಡೆ, ಕದ. ನಿಮ್ಮ ಮೂಲ ತೊಂದರೆ ಬಾರಿನ ಜನ, ಮನೆಯ ಜನ ಒಂದೇ ದಾರಿ ತುಳಿಯೋದು. ಇದನ್ನು ಬೇರೆ ಮಾಡದೆ ಮಿಕ್ಕದ್ದೆಲ್ಲಾ ಮೇಲಿನ ಬಣ್ಣ.

ಬೇಸ್‌ಮೆಂಟಿನಿಂದ ಶುರು ಮಾಡಿ. ಮಂಜೂರಾದ ನಕ್ಷೆ ತೆಗೆದು ಅಂಗಡಿಗಳಿಗೆ ಎಷ್ಟು ಪಾರ್ಕಿಂಗ್, ಎಲ್ಲಿ ತೋರಿಸಿದ್ದಾರೆ ನೋಡಿ. ಮುಂಭಾಗದಲ್ಲಿದ್ದರೆ ಬಾರಿನ ಗಾಡಿಗಳು ಅಲ್ಲೇ ನಿಲ್ಲಲಿ. ಬೇಸ್‌ಮೆಂಟಿನಲ್ಲೇ ಇದ್ದರೆ ಆ ಭಾಗವನ್ನು ಪಿಲ್ಲರಿನಿಂದ ಪಿಲ್ಲರಿಗೆ ಕಬ್ಬಿಣದ ಜಾಲರಿ ಕಟ್ಟಿ ಬೇರೆ ಮಾಡಿ. ಗಾಳಿ, ಬೆಳಕು, ಬೆಂಕಿ ನೀರಿನ ಪೈಪಿಗೆ ಅಡ್ಡ ಆಗಬಾರದು, ಅದಕ್ಕೇ ಗೋಡೆ ಬೇಡ, ಜಾಲರಿ.

ಬೂಮ್ ಬ್ಯಾರಿಯರ್ ಕಾರಿಗೆ. ಬೈಕ್ ಕಳ್ಳನಿಗೆ ಅದೊಂದು ಬಾಗಿಲೇ ಅಲ್ಲ, ತುದಿಯ ಸಂದಿಯಲ್ಲಿ ತಳ್ಳಿಕೊಂಡು ಹೋಗ್ತಾನೆ. ನಿಮ್ಮಲ್ಲಿ ಹೋದದ್ದು ಬೈಕು. ರ‍್ಯಾಂಪಿನ ಬಾಯಿಗೆ ಮೋಟಾರಿನ ಸ್ಲೈಡಿಂಗ್ ಗೇಟ್ ಹಾಕಿ, ರಾತ್ರಿ 10ರಿಂದ ಬೆಳಿಗ್ಗೆ 5ರ ತನಕ ಮುಚ್ಚಿರಲಿ. ಕರೆಂಟ್ ಹೋದಾಗ ಕೈಯಲ್ಲಿ ತಳ್ಳೋ ಕೀಲಿ ಕಾವಲಿನವರ ಹತ್ತಿರ ಇರಬೇಕು. ಹಳಿಯ ಕೆಳಗೆ ನೀರು ಹೋಗೋಕೆ ಜಾಗ ಬಿಡಿ, ಇಲ್ಲಾಂದ್ರೆ ಮೊದಲ ಜಡಿಮಳೆಗೆ ಮಣ್ಣು ತುಂಬಿ ಗೇಟ್ ಅರ್ಧದಲ್ಲಿ ನಿಲ್ಲುತ್ತೆ, ಆಮೇಲೆ ನಾಲ್ಕು ತಿಂಗಳು ಅದನ್ನ ಯಾರೂ ಮುಚ್ಚೋಲ್ಲ. ಬೈಕುಗಳಿಗೆ ನೆಲದಲ್ಲಿ 16 ಎಂಎಂ ಕಬ್ಬಿಣದ ಕೊಂಡಿ ಹೂತು, ಚೈನನ್ನು ಫ್ರೇಮಿಗೆ ಸುತ್ತಿ ಕೊಂಡಿಗೆ ಬೀಗ ಹಾಕೋ ವ್ಯವಸ್ಥೆ ಮಾಡಿ. ಹ್ಯಾಂಡಲ್ ಲಾಕ್ ಒಂದು ಜೋರು ತಿರುವಿಗೆ ಮುರಿಯುತ್ತೆ.

ಅಡುಗೆಮನೆ ಹಿಂಬಾಗಿಲು ನಿಮ್ಮ ಕಟ್ಟಡದ ಅತಿ ದೊಡ್ಡ ತೂತು. ಆದರೆ ಅದಕ್ಕೆ ಬೀಗ ಜಡಿಯೋ ಮುಂಚೆ ಅದು ಬೆಂಕಿಯ ಸಮಯದ ನಿರ್ಗಮನ ದಾರಿ ಅಂತ ನಕ್ಷೆಯಲ್ಲಿದೆಯೇ ನೋಡಿ. ಇದ್ದರೆ ಬೀಗ ಹಾಕೋದು ಅಪರಾಧಕ್ಕಿಂತ ದೊಡ್ಡ ಅಪಾಯ. ಕುಣಿಯೋ ಜಾಗದಲ್ಲಿ ಬೆಂಕಿ ಬಿದ್ದರೆ ಹೊಗೆ ನಿಮಿಷಗಳಲ್ಲಿ ತುಂಬುತ್ತೆ, ಜನ ಸಾಯೋದು ಮುಚ್ಚಿದ ಬಾಗಿಲ ಹತ್ತಿರ. ಅಲ್ಲಿಗೆ ಪ್ಯಾನಿಕ್ ಬಾರ್ ಹಾಕಿಸಿ: ಬಾರಿನ ಒಳಗಿಂದ ಎದೆ ತಾಗಿಸಿ ತಳ್ಳಿದರೂ ತೆರೆಯಬೇಕು, ತೆರೆದ ಕೂಡಲೇ ಸೈರನ್ ಕೂಗಬೇಕು, ಮೆಟ್ಟಿಲ ಕಡೆಯಿಂದ ಹಿಡಿಕೆಯೇ ಇರಬಾರದು. ಸೈರನ್ ಬಂದ ಮೇಲೆ ಸಿಬ್ಬಂದಿ ಬೀಡಿ ಸೇದೋಕೆ ಅಲ್ಲಿ ನಿಲ್ಲೋದು ತಾನಾಗಿ ನಿಲ್ಲುತ್ತೆ. ಅವರು ಇಟ್ಟಿಗೆ ಇಟ್ಟು ಬಾಗಿಲು ತೆರೆದಿಡ್ತಾರೆ ಅಂತಾದರೆ 30 ಸೆಕೆಂಡಿಗಿಂತ ಹೆಚ್ಚು ತೆರೆದಿದ್ದರೆ ಕೂಗೋ ಥರದ್ದು ಹಾಕಿ.

ಲಾಬಿಯ ಬಾಗಿಲಿಗೆ ಅಲ್ಯೂಮಿನಿಯಂ ಚೌಕಟ್ಟು, ಗಾಜು, 600 ಪೌಂಡಿನ ಮ್ಯಾಗ್ನೆಟಿಕ್ ಲಾಕ್ ಸಾಕು. ಅದು ಕರೆಂಟ್ ಹೋದರೆ ತೆರೆದುಕೊಳ್ಳೋ ಜಾತಿ, ಹಾಗೇ ಇರಬೇಕು, ಬೆಂಕಿ ಅಲಾರಾಂ ಕೂಗಿದಾಗಲೂ ಬಿಡಬೇಕು. ಹಾಗಂತ ಪ್ರತಿ ಕರೆಂಟ್ ಕಟ್ಟಿಗೂ ಬಾಗಿಲು ಬಯಲಾಗಬಾರದಲ್ಲ, ಅದಕ್ಕೆ 12 ವೋಲ್ಟಿನ 7 ಎಎಚ್ ಬ್ಯಾಟರಿ ಜೊತೆಗಿರಲಿ. 0.5 ಆಂಪಿಯರ್ ಎಳೆಯೋ ಲಾಕಿಗೆ ಹತ್ತು ಗಂಟೆಗೂ ಹೆಚ್ಚು ಬರುತ್ತೆ. ಒಳಗಿಂದ ಹೋಗೋಕೆ ಗುಂಡಿ, ಪಕ್ಕದಲ್ಲೇ ಗಾಜು ಒಡೆದು ತೆರೆಯೋ ಹಸಿರು ಡಬ್ಬಿ. ಬಾಗಿಲು ಪಡುವಣಕ್ಕೆ ಮುಖ ಮಾಡಿದ್ದರೆ ಮಳೆಗಾಲದ ಗಾಳಿ ಕ್ಲೋಸರನ್ನು ಸೋಲಿಸುತ್ತೆ. ಬಾಗಿಲು ಒಂದು ಇಂಚು ತೆರೆದೇ ಉಳಿದರೆ ಲಾಕ್ ಹಿಡಿಯೋಲ್ಲ, ಆದರೂ ನೋಡೋಕೆ ಮುಚ್ಚಿದ ಹಾಗೇ ಕಾಣುತ್ತೆ. ಕ್ಲೋಸರಿನಲ್ಲಿ ಎರಡು ಸ್ಕ್ರೂ ಇರುತ್ತೆ, ಕೊನೆಯ ಹತ್ತು ಡಿಗ್ರಿಯ ವೇಗದ್ದನ್ನು ಮಳೆಗಾಲಕ್ಕೆ ಸ್ವಲ್ಪ ಸಡಿಲಿಸಿ.

ಕಾಂಪೌಂಡಿಗೆ ಎತ್ತರಕ್ಕಿಂತ ಮುಖ್ಯ ಅದರ ಬುಡ. ಮಳೆನೀರು ಹೊರಗೆ ಹೋಗೋಕೆ ಒಂದೂವರೆ ಎರಡಡಿಯ ಚರಂಡಿ ಬಾಯಿ ಬಿಟ್ಟಿರ್ತಾರೆ, ಅದರಲ್ಲಿ ಆಳು ಆರಾಮಾಗಿ ನುಸೀತಾನೆ. 12 ಎಂಎಂ ಸರಳು, ನಾಲ್ಕಿಂಚು ಅಂತರ, ಒಳಗಡೆಯಿಂದ ಬೀಗ ಹಾಕೋ ಕೀಲಿನ ಜಾಲರಿ. ಕೀಲು ಯಾಕೆಂದರೆ ಎಲೆ ಕಟ್ಟಿಕೊಂಡಾಗ ತೆಗೆದು ಬಳಿಯಬೇಕು. ವೆಲ್ಡ್ ಮಾಡಿ ಕೂರಿಸಿದರೆ ಮೊದಲ ಪ್ರವಾಹಕ್ಕೇ ಬೇಸ್‌ಮೆಂಟ್ ಕೆರೆ, ಮಾರನೇ ದಿನ ಯಾರೋ ಅದನ್ನು ಕಿತ್ತು ಬಿಸಾಕಿರ್ತಾರೆ. ಗೋಡೆ ಮೇಲೆ ಬಾಗಿದ ಹಲಸಿನ ಕೊಂಬೆ ಇದ್ದರೆ ಕಡಿಸಿ. ಹಿಂಬದಿಯ ಒಳಚರಂಡಿ ಪೈಪು ಬಾಲ್ಕನಿಯ ಪಕ್ಕವೇ ಹಾದಿದ್ದರೆ ಎರಡನೇ ಮಹಡಿಯ ಕೆಳಗೆ ಮುಳ್ಳಿನ ಕಾಲರ್ ಹಾಕಿ. ಪಾಚಿ ಕಟ್ಟಿದ ಪೈಪು ಹತ್ತೋದು ಕಷ್ಟ ಅಂತ ಸಮಾಧಾನ ಪಡಬೇಡಿ, ಕೊಯ್ಲಿನ ಹೊತ್ತಿಗೆ ಅದು ಒಣಗಿರುತ್ತೆ, ನಿಮ್ಮ ಮನೆಗಳು ಖಾಲಿ ಆಗೋದೂ ಆಗಲೇ.

ಇನ್ನು ಬೀಗ ಹಾಕಿದ ಮನೆಗಳು. ಹೊರಗಡೆ ನೇತಾಡೋ ದೊಡ್ಡ ಬೀಗ 'ನಾವು ಊರಲ್ಲಿಲ್ಲ' ಅನ್ನೋ ಬೋರ್ಡು. ಕದದ ಒಳಗೇ ಕೂರೋ ಮಾರ್ಟಿಸ್ ಲಾಕ್ ಹಾಕಿಸಿ. ಅದು ಒದೆಗೆ ನಿಲ್ಲೋದು ಲಾಕಿನಿಂದಲ್ಲ, ಲಾಕಿನ ನಾಲಿಗೆ ಹೋಗಿ ಕೂರೋ, ಚೌಕಟ್ಟಿನ ಕಡೆಯ ತಗಡಿನಿಂದ. ಬಿಲ್ಡರ್ ಹಾಕಿದ ಅರ್ಧ ಇಂಚಿನ ಸ್ಕ್ರೂ ತೆಗೆದು 75 ಎಂಎಂ ಸ್ಕ್ರೂ ಹಾಕಿ, ಚೌಕಟ್ಟು ದಾಟಿ ಗೋಡೆಗೆ ಹಿಡಿಯಬೇಕು. ಇಡೀ ಪಟ್ಟಿಯಲ್ಲಿ ಅತಿ ಅಗ್ಗದ ಕೆಲಸ ಇದು, ಯಾರೂ ಮಾಡೋಲ್ಲ. ಮಳೆಗಾಲದಲ್ಲಿ ಮರ ಉಬ್ಬಿ ನಾಲಿಗೆ ತೂತಿಗೆ ಸರಿಯಾಗಿ ಕೂರದೆ ಜನ ಡೆಡ್‌ಬೋಲ್ಟ್ ಹಾಕೋದನ್ನೇ ಬಿಡ್ತಾರೆ. ಜುಲೈನಲ್ಲಿ ಬಡಗಿಯನ್ನು ಕರೆದು ತಗಡಿನ ತೂತನ್ನು ಎರಡು ಮಿಲಿಮೀಟರ್ ಅರದಿಂದ ಉಜ್ಜಿಸಿ. ಕದದ ಅಂಚು ಹೆರೆಯಿಸಬೇಡಿ, ಬೇಸಿಗೆಯಲ್ಲಿ ಸಂದಿ ಬಿಟ್ಟು ಕಬ್ಬಿಣದ ಪಟ್ಟಿ ತೂರಿಸೋಕೆ ದಾರಿ ಆಗುತ್ತೆ. ಚಿನ್ನ ಮನೆಯಲ್ಲಿಟ್ಟು ತೋಟಕ್ಕೆ ಹೋಗಬೇಡಿ. ಬ್ಯಾಂಕ್ ಲಾಕರಿನಲ್ಲಿದ್ದು ಬ್ಯಾಂಕಿನ ನಿರ್ಲಕ್ಷ್ಯದಿಂದ ಹೋದರೆ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟು ಅಂತ ರಿಸರ್ವ್ ಬ್ಯಾಂಕ್ ನಿಯಮ, ಅದೂ ಒಡವೆಯ ಪೂರ್ತಿ ಬೆಲೆ ಅಲ್ಲ, ಆದ್ದರಿಂದ ವಿಮೆ ಬೇರೆ ನೋಡಿ.

ರಾತ್ರಿಪಾಳಿ:

ಮೇಲಿನ ಇಬ್ಬರೂ ಸಾಮಾನು ಹೇಳಿದ್ದಾರೆ. ಜನರ ಲೆಕ್ಕ ಇದು.

ಒಂದು ಜಾಗದಲ್ಲಿ ಸದಾ ಒಬ್ಬರು ಇರಬೇಕು ಅಂದರೆ ವಾರಕ್ಕೆ 168 ಗಂಟೆ. ಒಬ್ಬರು ದಿನಕ್ಕೆ 8 ಗಂಟೆಯಂತೆ 6 ದಿನ ದುಡಿದರೆ 48. ಭಾಗಿಸಿದರೆ ಮೂರೂವರೆ ಜನ, ರಜೆ ಸೇರಿದರೆ ನಾಲ್ಕು. ಏಜೆನ್ಸಿಯವರು ಇಬ್ಬರನ್ನೇ 12 ಗಂಟೆ ಪಾಳಿಗೆ ಹಾಕಿ ಅಗ್ಗದ ದರ ಕೊಡ್ತಾರೆ. ಆ ಲೆಕ್ಕದಲ್ಲಿ ಪ್ರತಿಯೊಬ್ಬರಿಗೂ ವಾರಕ್ಕೆ 84 ಗಂಟೆ, ವಾರದ ರಜೆ ಇಲ್ಲ. ಬೆಳಗಿನ ಜಾವ 3 ಗಂಟೆಗೆ ಅವರು ನಿದ್ದೆ ಮಾಡ್ತಾರೆ, ಮಾಡಲೇಬೇಕು. ಅವರನ್ನು ಬೈದು ಏನೂ ಆಗೋಲ್ಲ, ದರಪಟ್ಟಿ ನೋಡುವಾಗಲೇ ಗೊತ್ತಾಗಬೇಕಿತ್ತು. ಕನಿಷ್ಠ ವೇತನ, ಪಿಎಫ್, ಇಎಸ್‌ಐ ಬಿಡಿಸಿ ಬರೆಯದ ದರಪಟ್ಟಿಯನ್ನು ತೆಗೆದುಕೊಳ್ಳಲೇಬೇಡಿ.

ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ 2005ರಲ್ಲೇ ಬಂದಿದೆ. ಪರವಾನಗಿ ಇಲ್ಲದೆ ಯಾರೂ ಕಾವಲುಗಾರರನ್ನು ಒದಗಿಸೋ ಹಾಗಿಲ್ಲ. ಪರವಾನಗಿಯ ಪ್ರತಿ, ಅದರ ಅವಧಿ, ಪ್ರತಿಯೊಬ್ಬರ ಫೋಟೋ ಗುರುತುಚೀಟಿ, ತರಬೇತಿಯ ದಾಖಲೆ ಕೇಳಿ. ಕೇಂದ್ರದ ಮಾದರಿ ನಿಯಮದಲ್ಲಿ 100 ಗಂಟೆ ಪಾಠ, 60 ಗಂಟೆ ಪ್ರಾಯೋಗಿಕ ಅಂತ ಇದೆ. ವಾರದ ಹಿಂದೆ ಊರಿಂದ ಬಂದವರಿಗೆ ಸಮವಸ್ತ್ರ ತೊಡಿಸಿ ನಿಲ್ಲಿಸಿದ್ದರೆ ಅದು ಕಂಡುಹೋಗುತ್ತೆ. ಬಾರಿನ 'ಬೌನ್ಸರ್'ಗಳನ್ನು ಏಜೆನ್ಸಿ ಒದಗಿಸಿದ್ದರೆ ಅದಕ್ಕೂ ಇದೇ ಕಾಯ್ದೆ. ಕಪ್ಪು ಟೀ-ಶರ್ಟ್ ಹಾಕಿದ ಮಾತ್ರಕ್ಕೆ ವಿನಾಯಿತಿ ಇಲ್ಲ.

ಅವರಿಗೆ ಹೊಡೆಯೋ ಅಧಿಕಾರ ಇಲ್ಲ. ಕಣ್ಣೆದುರೇ ಜಾಮೀನಿಲ್ಲದ, ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧ ಮಾಡಿದವನನ್ನು ಸಾಮಾನ್ಯ ನಾಗರಿಕರೂ ಹಿಡಿಯಬಹುದು ಅಂತ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 40 ಹೇಳುತ್ತೆ, ಹಾಗೆ ಹಿಡಿದವನನ್ನು ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕಂಬಕ್ಕೆ ಕಟ್ಟೋದು, ವಿಡಿಯೋ ಮಾಡಿ ಹಂಚೋದು ಮಾಡಿದರೆ ಕೇಸು ನಿಮ್ಮ ಮೇಲೆ ತಿರುಗುತ್ತೆ. ಮೊದಲ ಕರೆ 112. ಸ್ಥಳೀಯ ಠಾಣೆಯ ನಂಬರ್, ಬೀಟ್ ಪೊಲೀಸರ ನಂಬರ್ ಕಾವಲು ಕೋಣೆಯ ಗೋಡೆಗೆ ಲ್ಯಾಮಿನೇಟ್ ಮಾಡಿ ಅಂಟಿಸಿ, ಕಾಗದ ಆದರೆ ಆಗಸ್ಟ್ ಹೊತ್ತಿಗೆ ಬೂಸಲು ಹಿಡಿದಿರುತ್ತೆ.

ಬಾರಿನ ಜೊತೆ ಜಗಳಕ್ಕಿಂತ ಒಪ್ಪಂದ ಒಳ್ಳೇದು, ಆದರೆ ಕಾನೂನು ಕೈಯಲ್ಲಿರಲಿ. ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆ, 2017ರ ಪ್ರಕಾರ ಒಂದೇ ಸಮಯಕ್ಕೆ 100 ಜನ ಇಲ್ಲವೇ ದಿನಕ್ಕೆ 500 ಜನ ಸೇರೋ ವಾಣಿಜ್ಯ ಸ್ಥಳ ಸಿಸಿಟಿವಿ ಹಾಕಿ 30 ದಿನದ ದೃಶ್ಯ ಇಟ್ಟುಕೊಳ್ಳಬೇಕು. ಡಿಜೆ ರಾತ್ರಿ ನೂರು ಜನ ಸೇರ್ತಾರಲ್ಲ? ಹಾಗಾದರೆ ಅವರ ಬಾಗಿಲು, ಪಾರ್ಕಿಂಗಿನ ಕ್ಯಾಮೆರಾ ಅವರ ಖರ್ಚು. ಶಬ್ದ ಮಾಲಿನ್ಯ ನಿಯಮ 2000ದಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45 ಡೆಸಿಬೆಲ್ ಮಿತಿ, ವಾಣಿಜ್ಯ ಪ್ರದೇಶಕ್ಕೆ 55. ನಿಮ್ಮ ರಸ್ತೆ ಯಾವ ವರ್ಗ ಅಂತ ಮೊದಲು ಖಚಿತ ಮಾಡಿಕೊಳ್ಳಿ.

ಬಾರಿನ ಒಳಗೆ ಏನು ಕೇಳಬೇಕು ಅಂದರೆ: ಬಾಗಿಲಲ್ಲಿ ಒತ್ತಿ ಎಣಿಸೋ ಕೈ ಕೌಂಟರ್ ಹಿಡಿದು ಒಳಗೆ ಹೋದವರು, ಹೊರಗೆ ಬಂದವರು ಎರಡನ್ನೂ ಎಣಿಸಬೇಕು. ಮಿತಿ ಮುಟ್ಟಿದರೆ ಒಬ್ಬರು ಹೊರಗೆ ಬಂದ ಮೇಲೆ ಒಬ್ಬರು ಒಳಗೆ. ಕುಣಿಯೋ ಜಾಗಕ್ಕೆ ಗಾಜಿನ ಬಾಟಲಿ, ಗ್ಲಾಸು ಬೇಡ, ಪಾಲಿಕಾರ್ಬೊನೇಟ್ ಗ್ಲಾಸು ಕೊಡಲಿ. ಬಾರಿನ ಜಗಳದಲ್ಲಿ ಮೊದಲು ಕೈಗೆ ಸಿಗೋ ಆಯುಧ ಬಾಟಲಿ. ಹೆಂಗಸರ ತಪಾಸಣೆಗೆ ಹೆಂಗಸರೇ ಇರಬೇಕು. ಹೊರಗೆ ತಳ್ಳಿಸಿಕೊಂಡವನು ಐದು ಹತ್ತು ನಿಮಿಷದಲ್ಲಿ ನಾಲ್ಕು ಜನರನ್ನು ಕರಕೊಂಡು ವಾಪಸ್ ಬರ್ತಾನೆ. ಅದಕ್ಕೆ ಹೊರಗೆ ಹಾಕಿದ ಮೇಲೆ ಅವನ ಗಾಡಿ ಹೊರಡೋ ತನಕ ಒಬ್ಬರು ದೂರದಿಂದ ನೋಡ್ತಿರಬೇಕು. ಜಗಳಕ್ಕೆ ಕಾರಣ ಆದ ಎರಡು ಗುಂಪನ್ನು ಒಂದೇ ಬಾಗಿಲಿಂದ ಒಟ್ಟಿಗೆ ಬಿಡಬಾರದು, ಒಂದು ಗುಂಪು ಹೋಗಿ ಕಾಲು ಗಂಟೆ ಆದ ಮೇಲೆ ಇನ್ನೊಂದು.

ಅಸಲಿ ಗಲಾಟೆ ಮುಚ್ಚೋ ಹೊತ್ತಿಗೆ. ಸಂಗೀತ ಫಟ್ ಅಂತ ನಿಲ್ಲಿಸಿ ಎಲ್ಲರನ್ನೂ ಒಂದೇ ಸಲ ಮಳೆಗೆ ದೂಡಿದರೆ ಎಲ್ಲರೂ ನಿಮ್ಮ ಲಾಬಿಯ ಸೂರಿನಡಿಗೇ ಬರ್ತಾರೆ. ಸಿಗರೇಟು, ಮೂತ್ರ, ಮಾತಿಗೆ ಮಾತು ಎಲ್ಲಾ ಅಲ್ಲೇ. ಮುಚ್ಚೋಕೆ 30 ನಿಮಿಷ ಮುಂಚೆ ಮದ್ಯ ನಿಲ್ಲಿಸಿ, ದೀಪ ನಿಧಾನ ಏರಿಸಿ, ಸಂಗೀತ ಇಳಿಸಿ, ಬಿಲ್ಲು ಕೂತಲ್ಲೇ ಮುಗಿಸಬೇಕು. ಬಾರಿನ ಬಾಗಿಲ ಮುಂದೆ ಅವರೇ 15-20 ಜನ ನಿಲ್ಲೋ ಶೀಟು ಹಾಕಿಸಲಿ, ಅಲ್ಲೊಂದು ಪ್ರಖರ ದೀಪ ಇರಲಿ. ಶೌಚಾಲಯ ಕೊನೆಯ ಗಿರಾಕಿ ಹೋಗೋ ತನಕ ತೆರೆದಿರಬೇಕು, ಮುಂಚೆಯೇ ತೊಳೆದು ಬೀಗ ಹಾಕೋದರಿಂದಲೇ ನಿಮ್ಮ ಗೋಡೆ ನೆನೆಯೋದು. ಇರಿತ, ಹೊಡೆದಾಟ ಆದರೆ ರಕ್ತ, ಗಾಜು ಗುಡಿಸಬೇಡಿ. ಪೊಲೀಸರು ಬರೋ ತನಕ ಕುರ್ಚಿ ಅಡ್ಡ ಇಟ್ಟು ಜಾಗ ಕಾಯಿರಿ.

ಸವಳಂಗ_ರಸ್ತೆ_42:

ಬೂಮ್ ಬ್ಯಾರಿಯರ್ ಕೈಬಿಡೋಕೆ ಇಷ್ಟು ಸಾಕು. ಮನೆಗೆಲಸದವರಿಗೆ ಬೆರಳಚ್ಚು ಯಂತ್ರ ಹಾಕೋ ಬಗ್ಗೆ ಸಮಿತಿ ಹಟ ಹಿಡಿದಿದೆ. ಸಂದರ್ಶಕರ ಆ್ಯಪ್ ಕೂಡ. ಅದರ ಬಗ್ಗೆ?

ಕದ_ಚಿಲಕ:

ಬೆರಳಚ್ಚು ಬೇಡ. ದಿನವಿಡೀ ಪಾತ್ರೆ ಸೋಪಿನ ನೀರಲ್ಲಿರೋ ಕೈ, ಅಡಿಕೆ ಸುಲಿದು ಚೊಗರು ಹತ್ತಿದ ಕೈ, ಮಳೆಯಲ್ಲಿ ನೆನೆದು ಸುಕ್ಕಾದ ಕೈ, ಯಾವುದನ್ನೂ ಅಗ್ಗದ ಸೆನ್ಸರ್ ಓದೋಲ್ಲ. ನಾಲ್ಕು ಸಲ ಒತ್ತಿ ಆಗದಿದ್ದರೆ ಕಾವಲಿನವರು ಬಾಗಿಲು ತೆಗೀತಾರೆ, ವಾರದಲ್ಲಿ ಯಂತ್ರ ಗೋಡೆಯ ಅಲಂಕಾರ ಆಗುತ್ತೆ. ಕಾರ್ಡ್ ಕೊಡಿ. 125 ಕಿಲೋಹರ್ಟ್ಸಿನ ದಪ್ಪ ಬಿಳಿ ಕಾರ್ಡ್ ಬೇಡ, ಅಂಗಡಿಯಲ್ಲಿ ನಿಮಿಷದಲ್ಲಿ ನಕಲು ಆಗುತ್ತೆ. ಹಳೆ ಮೈಫೇರ್ ಕ್ಲಾಸಿಕ್ ಕಾರ್ಡಿನ ಗುಪ್ತ ಸಂಕೇತವನ್ನೂ ಭೇದಿಸಿಯಾಗಿದೆ, ಅದೂ ನಕಲಾಗುತ್ತೆ. ನಕಲು ಮಾಡೋಕೆ ಕಷ್ಟವಾದ ಡೆಸ್‌ಫೈರ್ ಕಾರ್ಡ್ ಕೇಳಿ, ರೀಡರ್ ಕೂಡ ಅದನ್ನೇ ಓದೋದಿರಬೇಕು, ಬರೀ ಕಾರ್ಡಿನ ಸೀರಿಯಲ್ ನಂಬರ್ ಓದೋ ರೀಡರ್ ಹಾಕಿದರೆ ದುಬಾರಿ ಕಾರ್ಡಿಂದ ಪ್ರಯೋಜನ ಇಲ್ಲ. ಕೆಲಸ ಬಿಟ್ಟ ದಿನವೇ ಕಾರ್ಡ್ ರದ್ದು ಮಾಡೋರು ಯಾರು ಅಂತ ಒಬ್ಬರ ಹೆಸರು ಬರೆದಿಡಿ. ಪೊಲೀಸ್ ಪರಿಶೀಲನೆಗೆ ಸೇವಾ ಸಿಂಧುವಿನಲ್ಲೇ ಅರ್ಜಿ ಹಾಕಬಹುದು. ಅಂದಹಾಗೆ, ಕೆಲಸದವರ ಚೀಲ ದಿನಾ ಗೇಟಲ್ಲಿ ಬಿಚ್ಚಿಸೋದನ್ನು ಕೆಲವು ಕಡೆ ಭದ್ರತೆ ಅಂತ ಕರೀತಾರೆ. ಅದು ಅವಮಾನ, ಅಷ್ಟೇ. ಕಟ್ಟಡದ ಮೂಲೆ ಮೂಲೆ ಗೊತ್ತಿರೋ, ಅಪರಿಚಿತರನ್ನು ಮೊದಲು ಗುರುತಿಸೋ ಕಣ್ಣುಗಳು ಅವರವೇ. ಅವರನ್ನು ಎದುರು ಹಾಕಿಕೊಳ್ಳಬೇಡಿ.

ತಂತಿ_ಮತ್ತು_ಲೆನ್ಸ್:

ಆ್ಯಪ್ ಇರಲಿ, ಅದೊಂದೇ ಬೇಡ. ಗಾಳಿಮಳೆಗೆ ಟವರಿನ ಕರೆಂಟ್ ಹೋದರೆ ನೆಟ್‌ವರ್ಕ್ ಇರೋಲ್ಲ, ಆಗ ಒಪ್ಪಿಗೆ ಕೇಳೋಕೆ ತಂತಿಯ ಇಂಟರ್‌ಕಾಮ್ ಬೇಕು. ಸಂದರ್ಶಕರ ಫೋಟೋ, ಫೋನ್ ನಂಬರ್ ಎಷ್ಟು ದಿನ ಇಟ್ಟುಕೊಳ್ತಾರೆ, ಯಾರಿಗೆ ಕೊಡ್ತಾರೆ ಅನ್ನೋದನ್ನು ಒಪ್ಪಂದದಲ್ಲಿ ಬರೆಸಿ, ವೈಯಕ್ತಿಕ ದತ್ತಾಂಶಕ್ಕೆ 2023ರ ಕಾಯ್ದೆ ಇದೆ. ಆಧಾರ್ ಪ್ರತಿ ಕೇಳೋ ಅಗತ್ಯವೇ ಇಲ್ಲ.

ಕ್ರಮ ಕೇಳಿದಿರಿ. ನನ್ನ ಪ್ರಕಾರ ಮೊದಲು ಹಿಂಬಾಗಿಲಿನ ಪ್ಯಾನಿಕ್ ಬಾರ್, ಮನೆಗಳ ಉದ್ದ ಸ್ಕ್ರೂ, ಬೈಕಿನ ಕೊಂಡಿ. ಆಮೇಲೆ ರ‍್ಯಾಂಪ್ ಗೇಟ್, ಲಾಬಿ ಬಾಗಿಲು. ಅದರ ಜೊತೆಯಲ್ಲೇ ನಾಲ್ಕು ಕ್ಯಾಮೆರಾ ಸ್ಥಳಾಂತರ, ಡಿಸ್ಕು. ರಾತ್ರಿಗೆ ಎರಡನೇ ಕಾವಲುಗಾರರ ಸಂಬಳ ತಿಂಗಳ ಖರ್ಚು, ಅದನ್ನು ಬಾರಿನವರ ಜೊತೆ ಹಂಚಿಕೊಳ್ಳೋ ಮಾತು ಈಗಲೇ ಶುರು ಮಾಡಿ.

ರಾತ್ರಿಪಾಳಿ:

ಒಪ್ಪಿದೆ, ಒಂದು ತಿದ್ದುಪಡಿ. ಎರಡನೇ ಕಾವಲುಗಾರರು ಶುಕ್ರವಾರ, ಶನಿವಾರ ರಾತ್ರಿಗಾದರೂ ಮೊದಲ ದಿನದಿಂದಲೇ ಬೇಕು, ಗೇಟು ಹಾಕೋಕೆ ಕಾಯಬೇಡಿ. ಒಬ್ಬರು ಗೇಟಲ್ಲಿ, ಒಬ್ಬರು ಸುತ್ತು. ಸುತ್ತಿಗೆ ಎನ್‌ಎಫ್‌ಸಿ ಬಿಲ್ಲೆ (ಫೋನ್ ಮುಟ್ಟಿಸಿದರೆ ಬಂದ ಸಮಯ ದಾಖಲಾಗುತ್ತೆ): ಟೆರೇಸ್ ಬಾಗಿಲು, ಜನರೇಟರ್ ಹಿಂದೆ, ಬೇಸ್‌ಮೆಂಟಿನ ಎರಡು ಮೂಲೆ, ಹಿಂಬದಿ ಚರಂಡಿ ಜಾಲರಿ. ಸುತ್ತಿನ ಸಮಯ ಗಂಟೆ ಹೊಡೆದ ಹಾಗೆ ಇರಬಾರದು, 35 ನಿಮಿಷಕ್ಕೊಮ್ಮೆ, 70ಕ್ಕೊಮ್ಮೆ ಹೀಗೆ ಏರುಪೇರಾಗಿರಲಿ. ಅವರಿಗೆ ಒಳ್ಳೆ ರೇನ್‌ಕೋಟ್, ಗಮ್‌ಬೂಟ್, ಚಾರ್ಜ್ ಆಗೋ ಟಾರ್ಚ್ ಸಮಿತಿಯೇ ಕೊಡಬೇಕು. ಕೊಡದಿದ್ದರೆ ಜಡಿಮಳೆಯಲ್ಲಿ ಹಿಂಬದಿಯ ಬಿಲ್ಲೆಯನ್ನು ಕಿತ್ತು ತಂದು ಕೋಣೆಯಲ್ಲೇ ಕೂತು ಮುಟ್ಟಿಸ್ತಾರೆ. ಬಿಲ್ಲೆಯನ್ನು ಅಂಟಿಸಬೇಡಿ, ಸ್ಕ್ರೂ ಹಾಕಿ.

ಕೊಯ್ಲಿಗೆ ಹೋಗೋ ಮನೆಗಳ ಪಟ್ಟಿ ಕಾವಲು ಕೋಣೆಯ ಬೋರ್ಡಿನ ಮೇಲೆ ಬರೆಯೋ ಪದ್ಧತಿ ಇದ್ದರೆ ಇವತ್ತೇ ಒರೆಸಿ. ಕಾರ್ಯದರ್ಶಿ ಹತ್ತಿರ ಇರಲಿ, ಠಾಣೆಗೊಂದು ಪ್ರತಿ ಹೋಗಲಿ. ಹಾಲು, ಪೇಪರ್ ನಿಲ್ಲಿಸೋಕೆ ಹೇಳಿ ಹೋಗಲಿ. ದೀಪ ಹಗಲೂ ರಾತ್ರಿ ಉರಿಯೋ ಹಾಗೆ ಬಿಟ್ಟುಹೋಗೋದರಿಂದ ಉಪಯೋಗ ಇಲ್ಲ, ಟೈಮರ್ ಹಾಕಿ ಸಂಜೆ ಹತ್ತಿ ರಾತ್ರಿ ಆರೋ ಹಾಗೆ ಮಾಡಿ.

ತಂತಿ_ಮತ್ತು_ಲೆನ್ಸ್:

ಹೊರಗಿನ ಕೇಬಲ್, ಫೈಬರ್, ಅರ್ಥಿಂಗ್ ಕೆಲಸ ಮೇ ಮೂರನೇ ವಾರದೊಳಗೆ ಮುಗಿಸಿ, ಮುಂಗಾರು ಹಿಡಿದ ಮೇಲೆ ಏಣಿ ಹತ್ತೋರು ಸಿಗೋಲ್ಲ. ಕಾಂಟ್ರಾಕ್ಟರಿಗೆ ಕೊನೇ ಕಂತು ಕೊಡೋ ಮುಂಚೆ ಗಾರ್ಡನ್ ಪೈಪ್ ಹಿಡಿದು ಪ್ರತಿ ಹೊರಗಿನ ಕ್ಯಾಮೆರಾಕ್ಕೂ, ಡಬ್ಬಿಗೂ ಮೇಲಿಂದ ಹತ್ತು ನಿಮಿಷ ನೀರು ಬಿಡಿ. ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅಂತ ಗಡಿಯಾರ ಇಟ್ಟು ನೋಡಿ. ಅದೇ ರಾತ್ರಿ ಒಬ್ಬರನ್ನು ಛತ್ರಿ ಹಿಡಿಸಿ ಗೇಟಿಂದ ಲಿಫ್ಟಿನವರೆಗೆ ನಡೆಸಿ, ರೆಕಾರ್ಡಿಂಗಿನಲ್ಲಿ ಮುಖ ಯಾವ ಕ್ಯಾಮೆರಾದಲ್ಲಿ ಬಂತು ಅಂತ ಹುಡುಕಿ. ಒಂದರಲ್ಲೂ ಬರದಿದ್ದರೆ ಕಂತು ಕೊಡಬೇಡಿ.